ಸೇತುವೆ ಬಂತು, ಮಂಡಕ್ಕಿ ಅಂಗಡಿಯವರು ಎಲ್ಲಿಗೆ ಹೋಗಬೇಕು?

ಸಾಗರ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಶರಾವತಿ ಹಿನ್ನೀರಿನ ಮೇಲೆ ಬಂದ ಹೊಸ ಸೇತುವೆ ಮೇಲೆ ನನಗೆ ಸಿಟ್ಟಿಲ್ಲ. ಮೊದಲೆಲ್ಲ ಕತ್ತಲಾದ ಮೇಲೆ ಹಿನ್ನೀರು ದಾಟಿಸುವ ಲಾಂಚ್ ಇರುತ್ತಿರಲಿಲ್ಲ, ಬಾಣಂತಿ ಇರಲಿ, ಹಾವು ಕಚ್ಚಿದವರಿರಲಿ, ಸುತ್ತಿ ಬಳಸಿ ಹೋಗಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗಿನಿಂದ ಆಚೆ ದಡದ ಕರೂರು ಹೋಬಳಿಯವರದ್ದು ಇದೇ ಪಾಡಾಗಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದಾಗ ಎಲ್ಲರಿಗೂ ಖುಷಿಯಾಯಿತು.

ಆದರೆ ಆ ಲಾಂಚನ್ನೇ ನಂಬಿ ಎರಡೂ ದಡದಲ್ಲಿ ಹೊಟ್ಟೆ ಹೊರೆಯುತ್ತಿದ್ದವರು ಇದ್ದರಲ್ವಾ? ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಹೊರಟವರು ಗಂಟೆಗಟ್ಟಲೆ ಕಾಯುತ್ತಿದ್ದರು, ಇವರ ವ್ಯಾಪಾರ ನಿಂತಿದ್ದೇ ಅದರ ಮೇಲೆ. ಹೋಗುವಾಗ ಹಣ್ಣುಕಾಯಿ, ಹೂವು, ಹೆಚ್ಚೆಂದರೆ ಒಂದು ಟೀ, ಯಾಕೆಂದರೆ ದರ್ಶನ ಆಗುವ ತನಕ ಬಾಯಿಗೆ ಏನೂ ಹಾಕದವರು ಈಗಲೂ ಬೇಕಾದಷ್ಟಿದ್ದಾರೆ. ಬರುವಾಗ ನೋಡಬೇಕಿತ್ತು! ಮಸಾಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಉಪ್ಪು ಖಾರ ಹಾಕಿದ ಅನಾನಸ್. ಹರಕೆ ತೀರಿಸಿ ಬಂದ ಅಜ್ಜಿಯರು ಮೊಮ್ಮಕ್ಕಳ ಪೊಟ್ಟಣಕ್ಕೂ ಕೈ ಹಾಕುತ್ತಿದ್ದರು. (ಆ ಅನಾನಸ್ಸಿನ ಅರ್ಧ ರುಚಿ ಹಿನ್ನೀರಿನ ಗಾಳಿಯದ್ದು ಅನ್ನೋದು ನನ್ನ ಅಭಿಪ್ರಾಯ.)

ಈಗ 2.44 ಕಿ.ಮೀ. ಸೇತುವೆಯನ್ನು ಕಾರು ಕೆಲವೇ ನಿಮಿಷದಲ್ಲಿ ದಾಟುತ್ತದೆ. ದಡದಲ್ಲಿ ಯಾರು ಇಳಿಯುತ್ತಾರೆ? ನಿಲ್ಲಿಸುವವರು ಸೆಲ್ಫಿಗೆ ಅಂತ ಸೇತುವೆ ಮೇಲೇ ನಿಲ್ಲಿಸುತ್ತಾರೆ, ಅದು ಇನ್ನೊಂದು ತಲೆನೋವು.

ದೇವಸ್ಥಾನದಲ್ಲೇ ಊಟ ಇದೆ, ಬೀದಿ ತಿಂಡಿ ಯಾಕೆ ಅನ್ನುವವರೂ ಇದ್ದಾರೆ. ಸರಿ, ಊಟದ ಹೊತ್ತು ಮೀರಿ ಬಂದವರು ಏನು ಮಾಡಬೇಕು? ಜಾತ್ರೆ ಅಂದಮೇಲೆ ಬೆಂಡು ಬತ್ತಾಸು ಇರಲೇಬೇಕು, ಅದರಿಂದ ಭಕ್ತಿ ಕಮ್ಮಿಯಾಯಿತು ಅಂತ ನಮ್ಮ ಕಡೆ ಯಾರೂ ಅಂದಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಅದಕ್ಕೂ ಮೊದಲು ಎಬ್ಬಿಸುವ ಹಾಗಿಲ್ಲ. ಆದರೆ ಅದು ಪಟ್ಟಣದವರಿಗೆ. ಗ್ರಾಮ ಪಂಚಾಯಿತಿಯ ದಡದಲ್ಲಿ ಬಜ್ಜಿ ಕರಿಯುವವರು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಸೇತುವೆಯ ಎರಡೂ ಕಡೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ವಾಹನ ನಿಲ್ಲಿಸಲು ಜಾಗ ಮಾಡಿಸಿ. ಅಲ್ಲೇ ಸಣ್ಣ ಮಳಿಗೆ, ಕುಡಿಯುವ ನೀರು, ಶೌಚಾಲಯ ಇರಲಿ. ಎಣ್ಣೆ, ಸ್ವಚ್ಛತೆ ಪರೀಕ್ಷೆ ಮಾಡಿಸಿ, ಬೇಡ ಅನ್ನಲ್ಲ. ಮಳಿಗೆ ಮಾತ್ರ ಹರಾಜು ಹಾಕಬೇಡಿ, ಹಾಕಿದರೆ ದುಡ್ಡಿದ್ದವರು ಬಂದು ಕೂರುತ್ತಾರೆ. ಹಿಂದೆ ಲಾಂಚ್ ಕಟ್ಟೆಯಲ್ಲಿ ಯಾರ್ಯಾರ ಅಂಗಡಿ ಇತ್ತು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮೊದಲು ಅವರಿಗೆ ಕೊಡಿ. ಮಕರ ಸಂಕ್ರಾಂತಿ ಜಾತ್ರೆಗೆ ಮುಂಚೆ ಅಧಿಕಾರಿಗಳನ್ನು ಕರೆದುಕೊಂಡು ಎರಡೂ ದಡಕ್ಕೆ ಬನ್ನಿ.

ಇಂತಿ,
ಸಾಗರದ ಒಬ್ಬ ಮತದಾರ