ಪುಟ್ಟಿ, ಹಲ್ಲು ಕಚ್ಕೊಂಡು ಸಹಿಸೋದು ಬಿಡು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ "ಚಿಕ್ಕಮ್ಮ, ರಾತ್ರಿ ಅವರು ಹತ್ರ ಬಂದ್ರೆ ನೋವು, ಭಯ ಆಗತ್ತೆ" ಅಂದವಳು ತಕ್ಷಣ ಮಾತು ಬದಲಾಯಿಸ್ಬಿಟ್ಟೆ. ಅವತ್ತಿಂದ ಅದೇ ತಲೇಲಿ ಕೊರೀತಿದೆ, ಎದುರು ಕೂತು ಮಾತಾಡೋಕೆ ನಿಂಗೂ ಸಂಕೋಚ ನಂಗೂ ಸಂಕೋಚ, ಅದಕ್ಕೆ ಬರೀತಿದೀನಿ.

ನಂಗೂ ಹಾಗೇ ಆಗಿತ್ತು ಕಣೇ. ಮದುವೆಯಾಗಿ ಒಂದೂವರೆ ವರ್ಷ, ನಿಮ್ಮ ಚಿಕ್ಕಪ್ಪ ಹತ್ರ ಬಂದ್ರೆ ಸಾಕು ತೊಡೆ ಎರಡೂ ತಾವಾಗೇ ಬಿಗಿಯೋವು, ಬೆಡ್‌ಶೀಟ್ ಮುಷ್ಟೀಲಿ ಹಿಡ್ಕೊಂಡು ಮೇಲೆ ತಿರುಗೋ ಫ್ಯಾನ್ ನೋಡ್ತಾ ಯಾವಾಗ ಮುಗಿಯತ್ತೋ ಅಂತ ಕಾಯ್ತಿದ್ದೆ, ಅವರಿಗೋ ಇವಳಿಗೆ ನಾನು ಇಷ್ಟ ಇಲ್ಲ ಅನ್ನೋ ಕೊರಗು. ಮೊದಲು ತೋರಿಸಿದ ಡಾಕ್ಟರ್ ಒಂದು ಮಗು ಆದ್ರೆ ಸರಿಹೋಗತ್ತೆ ಅಂತ ಕಳಿಸಿಬಿಟ್ರು. ಎರಡನೆಯವರು ಸಮಾಧಾನವಾಗಿ ಕೇಳಿ ಅದರ ಹೆಸರು ಹೇಳಿದ್ರು, ವಜೈನಿಸ್ಮಸ್. ಕಣ್ಣಿನ ಹತ್ರ ಏನಾದ್ರೂ ಬಂದ್ರೆ ರೆಪ್ಪೆ ಮುಚ್ಕೊಳಲ್ವಾ, ಹಾಗೇ ನೋವಿನ ಭಯಕ್ಕೆ ಯೋನಿ ಸುತ್ತಲ ಸ್ನಾಯು ನಮ್ಮ ಮಾತೇ ಕೇಳದೆ ಬಿಗ್ಕೊಳತ್ತೆ, ಬಿಗಿದಿದ್ದಕ್ಕೆ ಮತ್ತೆ ನೋವು, ಆ ನೋವಿಗೆ ಮತ್ತೆ ಭಯ. ಪ್ರೀತಿ ಇಲ್ಲ ಅಂತ ಅಲ್ವೇ ಅಲ್ಲ!

ಆದ್ರೆ ನಿಂದೂ ಅದೇ ಅಂತ ನೀನೇ ತೀರ್ಮಾನ ಮಾಡ್ಕೋಬೇಡ, ಇನ್ಫೆಕ್ಷನ್, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದರೆ) ಇದ್ರೂ ನೋವಾಗತ್ತೆ, ಮೊದಲು ಲೇಡಿ ಡಾಕ್ಟರಿಗೆ ತೋರಿಸು. ಇದೇ ಆಗಿದ್ರೆ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಇದೆ. ಉಸಿರು ನಿಧಾನಕ್ಕೆ ಬಿಡ್ತಾ ಕೆಳಗಿನ ಸ್ನಾಯು ಸಡಿಲ ಬಿಡೋದು ಕಲಿಸ್ತಾರೆ, ಆಮೇಲೆ ಡೈಲೇಟರ್, ಅಂದ್ರೆ ಯೋನಿಯೊಳಗೆ ನಿಧಾನಕ್ಕೆ ಇಟ್ಕೊಳೋ ನಯವಾದ ಕಡ್ಡಿಯಂಥ ಸಾಧನ, ಮೊದಲನೇದು ಕಿರುಬೆರಳಷ್ಟೇ ಸಣ್ಣದು, ಜೆಲ್ ಹಚ್ಚಿ ಮನೇಲಿ ಒಬ್ಬಳೇ ಅಭ್ಯಾಸ ಮಾಡೋದು, ಅದು ಸಲೀಸಾದ ಮೇಲೆ ಮುಂದಿನ ಸೈಜ್. ನಂಗೆ ತಿಂಗಳುಗಟ್ಟಲೆ ಹಿಡೀತು, ಹಿಡೀಲಿ ಬಿಡು. ಹಾಂ, ಕಾಂಡೋಮ್ ಬಳಸ್ತಿದ್ರೆ ಎಣ್ಣೆ ಹಚ್ಚಬೇಡಿ, ಲೇಟೆಕ್ಸ್ ಹಾಳಾಗತ್ತೆ, ನೀರಿನಂಶದ ಜೆಲ್ ತಗೊಳಿ.

ನಿನ್ನ ಗಂಡನಿಗೂ ಹೇಳು. ಹಾಸಿಗೇಲಿ ಬೇಡ, ಹಗಲಲ್ಲಿ, ಇಬ್ರೂ ನೆಮ್ಮದಿಯಾಗಿರೋವಾಗ. ಸ್ವಲ್ಪ ವಾರ ಸಂಭೋಗ ಬೇಡವೇ ಬೇಡ, ಬರೀ ಮುಟ್ಟೋದು ತಬ್ಬೋದು ಅಷ್ಟೇ ಅಂತ ಇಬ್ರೂ ಒಪ್ಕೊಳ್ಳಿ. ಇದು ನನ್ನ ತಲೇಲಿ ಹುಟ್ಟಿದ್ದಲ್ಲ, 1970ರಲ್ಲೇ ಮಾಸ್ಟರ್ಸ್ ಮತ್ತು ಜಾನ್ಸನ್ ಅನ್ನೋ ಅಮೆರಿಕದ ಲೈಂಗಿಕ ಸಂಶೋಧಕರು ಗಂಡ ಹೆಂಡತಿಯರಿಗೆ ಹೇಳಿಕೊಟ್ಟ ದಾರಿ, ಇವತ್ತಿಗೂ ಥೆರಪಿಸ್ಟ್‌ಗಳು ಹೇಳ್ತಾರೆ. ಮುಂದೆ ಏನೂ ನಡೆಯಲ್ಲ ಅಂತ ಗೊತ್ತಾದ ದಿನ ನನ್ನ ಭುಜ ಎಷ್ಟು ಹಗುರಾಯ್ತು ಅಂದ್ರೆ, ಅವತ್ತೇ ಮೊದಲ ಸಲ ನಾನಾಗೇ ಅವರ ಹತ್ರ ಸರಿದೆ.

ಸುಖದ ವಿಷಯಾನೂ ಹೇಳ್ಬಿಡ್ತೀನಿ. ಎಷ್ಟೋ ಹೆಂಗಸರಿಗೆ ಸಂಭೋಗ ಒಂದರಿಂದಲೇ ತೃಪ್ತಿ ಆಗಲ್ಲ, ಯೋನಿಯ ಮೇಲ್ತುದೀಲಿರೋ ಚಂದ್ರನಾಡಿಯ (ಕ್ಲಿಟೋರಿಸ್) ಸ್ಪರ್ಶ ಬೇಕು, ಅದು ನಿನ್ನ ಕೊರತೆ ಅಲ್ಲ ಅವನ ಕೊರತೇನೂ ಅಲ್ಲ. ಆದಂಗೆ ನಾಟಕ ಮಾತ್ರ ಮಾಡ್ಬೇಡ, ಅವನಿಗೆ ಗೊತ್ತಾಗೋದಾದ್ರೂ ಹೇಗೆ ಹೇಳು.

ಡಾಕ್ಟರ್ ಹತ್ರ ಯಾವತ್ತು ಅಂತ ತಿಳಿಸು, ನಾನೂ ಬರ್ತೀನಿ. ಚೆಕ್ ಮಾಡುವಾಗ ನೋವಾದ್ರೆ "ನಿಲ್ಸಿ" ಅನ್ನು, ಅವರು ನಿಲ್ಲಿಸ್ಬೇಕು.

ನಿನ್ನ ಚಿಕ್ಕಮ್ಮ