ಸ್ಟಿಕ್ಕಿನ ಎರಡೂ ಮುಖ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

ನಿನ್ನ ಐಸ್ ಹಾಕಿಯ ಹೊಸ ಸ್ಟಿಕ್ಕಿನ ಮಾತು ಕಾರಿನಲ್ಲಿ ಎತ್ತಿದಾಗಲೆಲ್ಲ ಅರ್ಧಕ್ಕೇ ರಿಂಕ್, ನೀನು ಆಡುವ ಐಸಿನ ಅಂಗಳ, ಬಂದುಬಿಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ಟಿಕ್ಕಿನ ಕೆಳತುದಿಯ ಬ್ಲೇಡಿಗೆ ನಿನಗೆ ಪಿ28 ನಂಬರಿನ ಬಾಗು ಬೇಕು. ಟೀಮಿನಲ್ಲಿ ಬಹಳ ಜನರ ಕೈಯಲ್ಲಿ ಅದೇ ಇದೆ, ಅದರಿಂದ ಪಕ್, ಆ ರಬ್ಬರ್ ಬಿಲ್ಲೆ, ಚಿಮ್ಮಿ ಗೋಲಿನ ಮೇಲ್ಮೂಲೆಗೆ ಹೋಗುವ ಚೆಂದವನ್ನು ಗಾಜಿನ ಈಚೆ ನಿಂತು ನಾನೂ ನೋಡಿದ್ದೇನೆ. ಬೇಡ ಎಂದು ಹೇಳಲು ಈ ಪತ್ರವಲ್ಲ. ನನ್ನ ಮನಸ್ಸು ಮಾತ್ರ ಪಿ88ರ ಕಡೆಗಿದೆ. ಯಾಕೆಂದು ಪೂರ್ತಿ ಕೇಳಿಸಿಕೊಂಡು ಆಮೇಲೆ ನೀನೇ ತೀರ್ಮಾನ ಮಾಡು.

ಬಾಗು ಎಲ್ಲಿ ಶುರುವಾಗುತ್ತದೆ, ಎಷ್ಟು ಆಳ, ಬ್ಲೇಡಿನ ಮುಖ ಎಷ್ಟು ಮೇಲಕ್ಕೆ ವಾಲಿದೆ, ಇವೆಲ್ಲ ಸೇರಿ ಒಂದು ನಂಬರ್ ಆಗಿರುತ್ತದೆ. ಪಿ28ರ ಬ್ಲೇಡ್ ಬಹುದೂರ ಹೆಚ್ಚು ಬಾಗದೆ ಬಂದು ತುದಿಯ ಹತ್ತಿರ ಚಕ್ಕನೆ ತಿರುಗುತ್ತದೆ, ಮುಖವೂ ಚೆನ್ನಾಗಿ ವಾಲಿರುತ್ತದೆ. ಪಕ್ ಅನ್ನು ತುದಿಯಲ್ಲಿ ಹಿಡಿದು, ಮೈ ಹತ್ತಿರಕ್ಕೆ ಎಳೆದುಕೊಂಡು, ಮಣಿಕಟ್ಟಿನಿಂದ ತಟ್ಟನೆ ಬಿಡುವವರಿಗೆ ಅದು ಹೇಳಿ ಮಾಡಿಸಿದ್ದು. ಪಿ88 ನಡುವಿನಿಂದ ನಿಧಾನವಾಗಿ ಬಾಗುತ್ತದೆ, ಮುಖ ಅಷ್ಟು ವಾಲಿರುವುದಿಲ್ಲ. ಪಿ92 ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಅದರ ಬಾಗು ನಡುವಿನಿಂದ ತುದಿಯ ಕಡೆಗೆ, ಮುಖ ವಾಲಿದ್ದು. ಜೂನಿಯರ್ ಅಳತೆಯಲ್ಲಿ ದೊಡ್ಡವರಿಗಿರುವಷ್ಟು ಆಯ್ಕೆ ಇರುವುದಿಲ್ಲ, ಹೆಚ್ಚಾಗಿ ಈ ಮೂರರಲ್ಲೇ ಆರಿಸಬೇಕು. ಕಂಪನಿ ಬದಲಾದರೆ ಹೆಸರೂ ಬದಲಾಗುತ್ತದೆ. ವಾರಿಯರ್‌ನವರು ಪಿ92ರಂಥದ್ದಕ್ಕೆ ಡಬ್ಲ್ಯೂ03 ಎನ್ನುತ್ತಾರೆ. ಹಾಗಾಗಿ ನಂಬರನ್ನು ಬಾಯಿಪಾಠ ಮಾಡುವುದಕ್ಕಿಂತ ಬ್ಲೇಡನ್ನು ಮೇಲಿನಿಂದ ನೋಡಿ ಬಾಗು ಎಲ್ಲಿದೆ ಎಂದು ಗುರುತಿಸುವುದನ್ನು ಅಭ್ಯಾಸ ಮಾಡಿಕೋ.

ಈಗ ನನ್ನ ಕಾರಣ. ನೀನು ಡಿಫೆನ್ಸ್ ಆಡುವವಳು. ನಿನ್ನ ಆಟದಲ್ಲಿ ಗೋಲಿಗೆ ಹೊಡೆಯುವುದಕ್ಕಿಂತ ಹೆಚ್ಚಾಗಿ ನಡೆಯುವುದು ಪಾಸ್ ಕೊಡುವುದು, ಪಾಸ್ ತೆಗೆದುಕೊಳ್ಳುವುದು, ರಿಂಕಿನ ಸುತ್ತಲಿನ ಬೋರ್ಡಿಗೆ ಒತ್ತಿಕೊಂಡ ಪಕ್ ಅನ್ನು ಬ್ಯಾಕ್‌ಹ್ಯಾಂಡಿನಲ್ಲಿ, ಅಂದರೆ ಬ್ಲೇಡಿನ ಹಿಂಬದಿಯಿಂದ, ಆಚೆ ದೂಡುವುದು. ತುದಿ ತಿರುಗಿದ ಬ್ಲೇಡಿನ ಹಿಂಬದಿ ಉಬ್ಬಿರುತ್ತದೆ. ಬ್ಯಾಕ್‌ಹ್ಯಾಂಡಿಗೆ ಬಂದ ಪಕ್ ಆ ಉಬ್ಬಿಗೆ ತಾಗಿ ಆಚೀಚೆ ಜಾರುತ್ತದೆ. ಮುಖ ವಾಲಿದ್ದರೆ ನೆಲಕ್ಕಂಟಿ ಹೋಗಬೇಕಾದ ಪಾಸ್ ಕೂಡ ಎದ್ದು ಅಲುಗಾಡುತ್ತ ಹೋಗುತ್ತದೆ. ಮಣಿಕಟ್ಟು ಪಳಗಿದವರು ಇದನ್ನೆಲ್ಲ ಸಂಭಾಳಿಸುತ್ತಾರೆ. ಪಳಗುವ ವಯಸ್ಸಿನಲ್ಲಿ ಬ್ಲೇಡೇ ಪಕ್ ಎತ್ತಿಕೊಟ್ಟರೆ ಮಣಿಕಟ್ಟಿಗೆ ಕೆಲಸ ಉಳಿಯುವುದಿಲ್ಲ.

ನಾನು ಗೋಣಿಕೊಪ್ಪದ ಮೈದಾನದಲ್ಲಿ ಆಡಿದ ಹಾಕಿಯಲ್ಲಿ ಸ್ಟಿಕ್ಕಿಗೆ ಒಂದೇ ಮುಖ. ಎಡಬದಿ ಚಪ್ಪಟೆ, ಬಲಬದಿ ಗುಂಡು. ಗುಂಡು ಬದಿ ಚೆಂಡಿಗೆ ತಾಗಿದರೆ ಫೌಲ್. ಎಡಗೈಯವರಿಗೆಂದು ಬೇರೆ ಸ್ಟಿಕ್ಕೇ ಇಲ್ಲ, ಎಲ್ಲರೂ ಒಂದೇ ಥರ ಹಿಡಿಯಬೇಕು. ಎಡಗಡೆ ಬಂದ ಚೆಂಡಿಗೆ ಸ್ಟಿಕ್ಕನ್ನೇ ತಿರುಗಿಸಿ, ತುದಿ ಕೆಳಗೆ ಮಾಡಿ ಆಡಬೇಕಿತ್ತು. ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜಂದಿರೂ ಆ ರಿವರ್ಸ್ ಹೊಡೆತವನ್ನು ಸಲೀಸಾಗಿ ಹೊಡೆಯುವುದನ್ನು ನೋಡುತ್ತ ಬೆಳೆದವಳು ನಾನು. ಅದರ ಹಿಂದೆ ಎಷ್ಟು ವರ್ಷದ ಪಾಡು ಇರುತ್ತದೆಂದು ನನಗೆ ಗೊತ್ತು. ನಿನ್ನ ಐಸ್ ಹಾಕಿಯಲ್ಲಿ ಬ್ಲೇಡಿನ ಎರಡೂ ಬದಿಯಿಂದ ಆಡಲು ಅನುಮತಿ ಇದೆ. ಇಷ್ಟು ಚಿಕ್ಕ ವಯಸ್ಸಿಗೇ ಅದರಲ್ಲೊಂದನ್ನು ಬಿಟ್ಟುಕೊಡುವುದು ನನಗೆ ಸಂಕಟದ ಸಂಗತಿ. ಹಿಂದಿನ ಕಾಲದ ಹೆಸರಾಂತ ಐಸ್ ಹಾಕಿ ಆಟಗಾರ ಗಾರ್ಡಿ ಹೋವ್ ನೇರ ಬ್ಲೇಡ್ ಹಿಡಿದು ಎಡಕ್ಕೂ ಬಲಕ್ಕೂ ಕೈ ಬದಲಾಯಿಸಿ ಹೊಡೆಯುತ್ತಿದ್ದರಂತೆ. ಅವರ ಕಾಲದಲ್ಲಿ ಹೆಚ್ಚಿನವರ ಬ್ಲೇಡೂ ನೇರವೇ.

ಬಾಗು ಬಂದದ್ದು 1960ರ ದಶಕದಲ್ಲಿ. ಷಿಕಾಗೋ ತಂಡದ ಸ್ಟಾನ್ ಮಿಕಿಟಾ ಅವರ ಸ್ಟಿಕ್ ಪ್ರಾಕ್ಟೀಸಿನಲ್ಲಿ ಬಿರುಕುಬಿಟ್ಟು ಬಾಗಿತಂತೆ. ಸಿಟ್ಟಿನಲ್ಲಿ ಅದರಿಂದಲೇ ಹೊಡೆದಾಗ ಪಕ್ ಹಾರಿದ ರೀತಿ, ಬೋರ್ಡಿಗೆ ಬಡಿದ ಸದ್ದು ಬೇರೆಯೇ ಆಗಿತ್ತು. ಆಮೇಲೆ ಅವರೂ ಅದೇ ತಂಡದ ಬಾಬಿ ಹಲ್ ಅವರೂ ಮರದ ಬ್ಲೇಡನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಲ ಸಂದಿಗೆ ಸಿಕ್ಕಿಸಿ ಬೇಕೆಂದೇ ಬಗ್ಗಿಸತೊಡಗಿದರು. ನ್ಯೂಯಾರ್ಕಿನ ಆಂಡಿ ಬಾತ್‌ಗೇಟ್ ತಾವು ಇನ್ನೂ ಮೊದಲೇ ಬಗ್ಗಿಸುತ್ತಿದ್ದೆವು ಎನ್ನುತ್ತಿದ್ದರು. ಪಕ್ ಗಾಳಿಯಲ್ಲಿ ದಿಕ್ಕು ತಪ್ಪಿಸಿ ಬರತೊಡಗಿತು, ಆಗಿನ್ನೂ ಬಹಳ ಗೋಲ್‌ಕೀಪರ್‌ಗಳ ಮುಖಕ್ಕೆ ಮಾಸ್ಕ್ ಇರಲಿಲ್ಲ. 1970ರ ಹೊತ್ತಿಗೆ ಇವರೆಲ್ಲ ಆಡುತ್ತಿದ್ದ ದೊಡ್ಡ ಲೀಗ್ ಎನ್‌ಎಚ್‌ಎಲ್ ಬಾಗಿನ ಮಿತಿಯನ್ನು ಅರ್ಧ ಇಂಚಿಗೆ ಇಳಿಸಿತು. 2006ರಲ್ಲಿ ಮುಕ್ಕಾಲು ಇಂಚಿಗೆ ಏರಿಸಿತು.

ಆ ಅರ್ಧ ಇಂಚು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಎನ್‌ಎಚ್‌ಎಲ್‌ನ ಕಪ್ಪಾದ ಸ್ಟಾನ್ಲಿ ಕಪ್‌ಗೆ 1993ರಲ್ಲಿ ನಡೆದ ಫೈನಲ್ಲಿನ ಎರಡನೇ ಪಂದ್ಯವಿದೆ. ಲಾಸ್ ಏಂಜಲೀಸ್ ಕಿಂಗ್ಸ್ 2-1ರಿಂದ ಮುಂದಿತ್ತು, ಎರಡು ನಿಮಿಷವೂ ಉಳಿದಿರಲಿಲ್ಲ. ಮಾಂಟ್ರಿಯಲ್ ಕೋಚ್ ಜಾಕ್ ಡೆಮರ್ಸ್ ಎದುರಾಳಿ ಮಾರ್ಟಿ ಮೆಕ್‌ಸಾರ್ಲಿ ಅವರ ಸ್ಟಿಕ್ ಅಳೆಯಿರಿ ಎಂದರು. ಬಾಗು ಮಿತಿ ಮೀರಿತ್ತು, ಪೆನಾಲ್ಟಿ ಬಿದ್ದು ಅವರು ಹೊರಗೆ ಕೂರಬೇಕಾಯಿತು. ಮಾಂಟ್ರಿಯಲ್ಲಿನ ಎರಿಕ್ ಡೆಜಾರ್ಡಾ ಸಮ ಮಾಡಿದರು, ಓವರ್‌ಟೈಮಿನಲ್ಲಿ ಗೆಲುವಿನ ಗೋಲನ್ನೂ ಹೊಡೆದರು. ಮುಂದಿನ ಮೂರೂ ಪಂದ್ಯ ಗೆದ್ದು ಕಪ್ಪೂ ಮಾಂಟ್ರಿಯಲ್ಲಿಗೇ ಹೋಯಿತು. ಈ ಪಂದ್ಯವನ್ನು ಇಲ್ಲಿ ಅಪ್ಪನ ವಯಸ್ಸಿನವರು ಈಗಲೂ ಆವೇಶದಿಂದ ವರ್ಣಿಸುತ್ತಾರೆ, ಕೇಳಿ ನೋಡು.

ಊಹೆಗಿಂತ ನಿನ್ನ ಬ್ಲೇಡನ್ನೇ ಕೇಳುವುದು ಮೇಲು. ಕಳೆದ ವಾರ ನಾನು ಕಪ್ಪು ಟೇಪ್ ಬಿಚ್ಚಿ ಬಿಳಿ ಟೇಪ್ ಸುತ್ತಿದ್ದು ಅದಕ್ಕೇ. ನಿನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ಅಡುಗೆಮನೆಯ ದೀಪದಡಿ ಹಿಡಿದು ನೋಡಿದೆ. ಪಕ್ಕಿನ ರಬ್ಬರ್ ಮೆತ್ತಿದ ಕಪ್ಪು ಗುರುತು ಬ್ಲೇಡಿನ ಸರಿಯಾಗಿ ನಡುವೆ ಗುಂಪಾಗಿತ್ತು. ತುದಿಯ ಮೂರು ಬೆರಳಗಲ ಟೇಪ್ ಹೆಚ್ಚುಕಡಿಮೆ ಅಂಗಡಿಯಿಂದ ತಂದಷ್ಟೇ ಬೆಳ್ಳಗಿತ್ತು. ಹಿಂಬದಿಯಲ್ಲೂ ಗುರುತುಗಳಿದ್ದವು, ನಾನು ಎಣಿಸಿದ್ದಕ್ಕಿಂತ ಹೆಚ್ಚೇ. ಅಂದರೆ ನಿನ್ನ ಕೈ ಪಕ್ ಅನ್ನು ನಡುವಿನಿಂದಲೇ ಬಿಡುತ್ತಿದೆ, ಬ್ಯಾಕ್‌ಹ್ಯಾಂಡನ್ನೂ ಧೈರ್ಯವಾಗಿ ಆಡುತ್ತಿದೆ. ತುದಿಯಲ್ಲಿ ಬಾಗಿದ ಬ್ಲೇಡ್ ಕೊಟ್ಟರೆ ಆ ಕೈ ಹೊಸದಾಗಿ ಕಲಿಯಬೇಕು.

ಇನ್ನೊಂದು ಕಂಡಿತು. ಬ್ಲೇಡಿನ ತಳದಲ್ಲಿ ಟೇಪ್ ಹೀಲಿನ ಕಡೆ, ಅಂದರೆ ಕೋಲು ಸೇರುವ ಕಡೆ, ಸವೆದು ದಾರ ಎದ್ದಿದೆ, ತುದಿಯ ಕಡೆ ಗಟ್ಟಿಯಾಗೇ ಇದೆ. ಬಗ್ಗಿ ಆಡುವಾಗ ನಿನ್ನ ಬ್ಲೇಡಿನ ತುದಿ ಐಸಿನಿಂದ ಮೇಲಕ್ಕೆದ್ದಿರುತ್ತದೆ, ಅದರಡಿ ಪಾಸ್ ನುಸುಳಿಹೋಗುತ್ತದೆ. ಸ್ಟಿಕ್ ಉದ್ದವಾಗಿದ್ದರೂ ಹೀಗಾಗುತ್ತದೆ, ಲೈ ಜಾಸ್ತಿ ಇದ್ದರೂ ಆಗುತ್ತದೆ. ಲೈ ಎಂದರೆ ಶಾಫ್ಟಿಗೂ, ಅಂದರೆ ಸ್ಟಿಕ್ಕಿನ ಉದ್ದನೆಯ ಕೋಲಿಗೂ, ಬ್ಲೇಡಿಗೂ ನಡುವಿನ ಕೋನ. ಲೈ 5 ಎಂದರೆ ಸುಮಾರು 135 ಡಿಗ್ರಿ, ಒಂದೊಂದು ಅಂಕಿಗೆ ಸುಮಾರು ಎರಡು ಡಿಗ್ರಿಯಷ್ಟು ವ್ಯತ್ಯಾಸ. ಮೊದಲು ಸ್ಕೇಟ್ ಹಾಕಿ ನಿಂತು ಉದ್ದ ನೋಡೋಣ, ಗದ್ದದ ಹತ್ತಿರಕ್ಕೆ ಬಂದರೆ ಸಾಕು. ಉದ್ದ ಸರಿಯಿದ್ದೂ ಹೀಲೇ ಸವೆಯುತ್ತಿದ್ದರೆ ಲೈ ಕಡಿಮೆಯದು ಬೇಕು. ಒಂದೇ ನಂಬರಿನ ಬಾಗಿಗೂ ಕಂಪನಿಯಿಂದ ಕಂಪನಿಗೆ ಲೈ ಬೇರೆಯಿರುತ್ತದೆ, ಅಂಗಡಿಯಲ್ಲಿ ವಿಚಾರಿಸಿಯೇ ಕೊಳ್ಳಬೇಕು.

ಪಕ್ ಎತ್ತರಕ್ಕೆ ಏಳಬೇಕೆಂಬ ನಿನ್ನ ಆಸೆಗೆ ಬಾಗಿಗಿಂತ ಫ್ಲೆಕ್ಸ್ ಹೆಚ್ಚು ನೆರವಾಗುತ್ತದೆ, ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಶಾಫ್ಟನ್ನು ಒಂದು ಇಂಚು ಬಗ್ಗಿಸಲು ಎಷ್ಟು ಪೌಂಡ್ ಬೇಕೋ ಅದೇ ಫ್ಲೆಕ್ಸ್ ಅಂಕಿ. ಮೈತೂಕದ ಅರ್ಧ ಎನ್ನುವುದು ರೂಢಿಯ ಲೆಕ್ಕ. ನಿನ್ನದು 80 ಪೌಂಡ್ ಆಸುಪಾಸು, ಹಾಗಾದರೆ 40 ಸಾಕು, ಅದಕ್ಕಿಂತ ಮೆತ್ತಗಿದ್ದರೂ ಅಡ್ಡಿಯಿಲ್ಲ. ಮೇಲ್ತುದಿ ಕತ್ತರಿಸಿದಷ್ಟೂ ಸ್ಟಿಕ್ ಗಡುಸಾಗುತ್ತದೆ ಎಂಬುದನ್ನೂ ಲೆಕ್ಕಕ್ಕಿಟ್ಟುಕೋ. ಶಾಫ್ಟ್ ಬಗ್ಗದಿದ್ದರೆ ಬ್ಲೇಡಿನ ಬಾಗು ಯಾವುದಿದ್ದರೂ ಪಕ್ ಚಿಮ್ಮುವುದಿಲ್ಲ.

ಇರುವ ಬ್ಲೇಡನ್ನೇ ಅಪ್ಪನ ಹೀಟ್ ಗನ್ನಿನಿಂದ ಬಗ್ಗಿಸಬಹುದಾ ಎಂದು ಕೇಳಿದ್ದೆಯಲ್ಲ. ಅದನ್ನು ಮಾತ್ರ ಮಾಡಬೇಡ. ಅದು ಕಾರ್ಬನ್ ಎಳೆಗಳನ್ನು ಎಪಾಕ್ಸಿಯಲ್ಲಿ ಕೂಡಿಸಿ ಮಾಡಿದ್ದು. ಕಾಸಿದರೆ ಎಪಾಕ್ಸಿ ಮೆತ್ತಗಾಗುತ್ತದೆ, ನಿಜ. ಆದರೆ ಸ್ವಲ್ಪ ಹೆಚ್ಚಾದರೂ ಪದರಗಳು ಒಳಗೊಳಗೇ ಬಿಟ್ಟುಕೊಳ್ಳುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಆಟದ ಮಧ್ಯೆ ಲಟಕ್ ಎನ್ನುತ್ತದೆ. ಬಗ್ಗಿಸಿ ನೋಡುವ ಆಸೆ ನಿನಗಿದೆ, ಅದು ಒಳ್ಳೆಯ ಆಸೆ. ಗರಾಜಿನಲ್ಲಿ ಮರದ ಹಳೇ ಸ್ಟಿಕ್ ಇದೆಯಲ್ಲ, ಡ್ರೈವ್‌ವೇಯಲ್ಲಿ ಆಡುವುದು, ಅದನ್ನು ತೆಗೆದುಕೊಳ್ಳೋಣ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಟೇಪ್ ಬಿಚ್ಚಿದ ಬ್ಲೇಡನ್ನು ಹಬೆಗೆ ಹಿಡಿಯಬೇಕು. ಕೈಗೆ ಮಣಿಯತೊಡಗಿದಾಗ ನಿಧಾನಕ್ಕೆ, ಒಂದೇ ಜಾಗದಲ್ಲಿ ಒತ್ತದೆ, ಬೇಕಾದ ಕಡೆ ಬಗ್ಗಿಸಿ ಪೂರ್ತಿ ತಣಿಯುವವರೆಗೆ ಭಾರ ಹೇರಿಡಬೇಕು. ಬಿಸಿ ಇರುವಾಗಲೇ ಬಿಟ್ಟರೆ ಬಾಗು ಮತ್ತೆ ನೆಟ್ಟಗಾಗುತ್ತದೆ. ಬಿಸಿನೀರಿನ ಕೆಲಸ ನನ್ನದು, ಬಾಗು ಎಲ್ಲಿ ಬೇಕೆಂದು ಹೇಳುವುದು ನಿನ್ನದು. ತುದಿಯಲ್ಲಿ ಬಗ್ಗಿಸಿ ಟೆನಿಸ್ ಬಾಲ್ ಹೊಡೆದು ನೋಡು, ಮುಖ್ಯವಾಗಿ ಬ್ಯಾಕ್‌ಹ್ಯಾಂಡಿನಲ್ಲಿ. ಪಿ28 ನಿನಗೆ ಹೇಗೆ ಅನಿಸಬಹುದೆಂದು ಅಂದಾಜು ಸಿಗುತ್ತದೆ.

ಶನಿವಾರ ಅಂಗಡಿಗೆ ಹೋಗುವಾಗ ನಿನ್ನ ಸ್ಕೇಟನ್ನೂ ಈ ಬಿಳಿ ಟೇಪಿನ ಸ್ಟಿಕ್ಕನ್ನೂ ಕಾರಿಗೆ ಹಾಕಿಕೋ. ಬಲಗೈಯಲ್ಲಿ ಬರೆಯುತ್ತಾಳೆಂದು ಕೇಳಿ ಯಾರಾದರೂ ರೈಟ್ ಸ್ಟಿಕ್ ಕೊಟ್ಟರೆ ತೆಗೆದುಕೊಳ್ಳಬೇಡ. ನಿನ್ನ ಬಲಗೈ ಮೇಲಿರುತ್ತದೆ, ಎಡಗೈ ಕೆಳಗೆ, ನಿನ್ನದು ಲೆಫ್ಟ್. ಮೂರೂ ಬಾಗಿನ ಜೂನಿಯರ್ ಸ್ಟಿಕ್ ಕೈಯಲ್ಲಿ ಹಿಡಿದು ನೋಡು. 200 ಡಾಲರ್ ದಾಟಿದ್ದನ್ನು ಕೊಡಿಸುವುದಿಲ್ಲ, ಒಂದು ಸೀಸನ್ನಿನಲ್ಲಿ ನೀನು ಅದನ್ನು ಮೀರಿ ಬೆಳೆದಿರುತ್ತೀಯ. ಅಷ್ಟರೊಳಗೆ ನೀನು ಆರಿಸಿದ್ದು ಪಿ28 ಆದರೂ ನಾನೇ ಅದಕ್ಕೆ ಟೇಪ್ ಸುತ್ತಿಕೊಡುತ್ತೇನೆ.

ಪ್ರೀತಿಯಿಂದ,
ಅಮ್ಮ