ದೈತ್ಯ ಜಿಂಕೆ ಅಳಿದದ್ದು ಕೊಂಬಿನ ಭಾರಕ್ಕಲ್ಲ

ಸಂಪಾದಕರೇ,

ಕಳೆದ ಭಾನುವಾರದ ಮಕ್ಕಳ ಪುಟದಲ್ಲಿ ಐರ್ಲೆಂಡಿನ ದೈತ್ಯ ಜಿಂಕೆಯ ಚಿತ್ರ ನೋಡಿ ಖುಷಿಯಾಯಿತು. ಆದರೆ ಅದರ ಕೆಳಗೆ, ಕೊಂಬಿನ ಭಾರ ತಾಳಲಾರದೆ ಈ ಪ್ರಾಣಿ ಅಳಿಯಿತು ಎಂದು ಬರೆದಿದ್ದೀರಿ. ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಓದಿ ಸುಮ್ನೆ ಇರಲು ಆಗಲಿಲ್ಲ.

ಕೊಂಬು ದೊಡ್ಡದೇ. ಒಂದು ತುದಿಯಿಂದ ಇನ್ನೊಂದಕ್ಕೆ 3.5 ಮೀಟರ್‌ವರೆಗೆ ಹರಡಿಕೊಂಡಿರುತ್ತಿತ್ತು. ತೂಕ 40 ಕಿಲೋ ಮುಟ್ಟುತ್ತಿತ್ತು. ಅಂಥ ಕೊಂಬು ಹೊತ್ತುಕೊಂಡೇ ಈ ಜಿಂಕೆಗಳು ಐರ್ಲೆಂಡಿನಿಂದ ಸೈಬೀರಿಯಾದವರೆಗೆ ಲಕ್ಷಾಂತರ ವರ್ಷ ಬಾಳಿದವು. ಇನ್ನು ಹೆಣ್ಣು ಜಿಂಕೆಗೆ ಕೊಂಬೇ ಇರಲಿಲ್ಲ. ಅವೂ ಅಳಿದವು ಅಲ್ವಾ?

ಕಷ್ಟ ಇದ್ದದ್ದು ಮೇವಿನಲ್ಲಿ. ಜಿಂಕೆಯ ಕೊಂಬು ಹಸುವಿನ ಕೋಡಿನ ಹಾಗಲ್ಲ, ವರ್ಷ ವರ್ಷ ಉದುರಿ ಹೊಸದಾಗಿ ಬೆಳೆಯಬೇಕು. ಕೆಲವೇ ತಿಂಗಳಲ್ಲಿ ಅಷ್ಟು ಮೂಳೆ ಕಟ್ಟಲು ಮೈಯೊಳಗಿನ ಎಲುಬುಗಳಿಂದಲೂ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ಮೇಯ್ದು ಅದನ್ನು ತುಂಬಿಕೊಳ್ಳಬೇಕು. ಸುಮಾರು 12,900 ವರ್ಷಗಳ ಹಿಂದೆ ಕಡು ಚಳಿ ಮರಳಿ ಬಂತು. ಐರ್ಲೆಂಡಿನಲ್ಲಿ ಹುಲ್ಲು ಬೆಳೆಯುವ ಕಾಲವೇ ಮೊಟಕಾಯಿತು. ಅಲ್ಲಿ ಅವು ಉಳಿಯಲಿಲ್ಲ. ಸೈಬೀರಿಯಾದ ಕಡೆ ಮಾತ್ರ ಸುಮಾರು 7,700 ವರ್ಷಗಳ ಹಿಂದಿನವರೆಗೂ ಇದ್ದವು. ಕೊನೆಗಾಲದಲ್ಲಿ ಮನುಷ್ಯರ ಬೇಟೆಯೂ ಸೇರಿರಬಹುದು ಎನ್ನುತ್ತಾರೆ ವಿಜ್ಞಾನಿಗಳು.

ನೀವು ಬಿಟ್ಟಿರುವ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ. ಈ ಜಿಂಕೆಯ ನೆಂಟರು ಇನ್ನೂ ಬದುಕಿದ್ದಾರೆ. 2005ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಯುರೋಪಿನ ಫ್ಯಾಲೋ ಜಿಂಕೆ ಅದಕ್ಕೆ ತೀರಾ ಹತ್ತಿರದ್ದು. ಉತ್ತರ ದೇಶಗಳ ದೊಡ್ಡ ಮೂಸ್ ಜಿಂಕೆಗಿಂತ ನಮ್ಮ ಚುಕ್ಕೆ ಜಿಂಕೆ, ಕಡವೆಗಳೇ ಅದಕ್ಕೆ ಹತ್ತಿರ. ಬನ್ನೇರುಘಟ್ಟದ ಸಫಾರಿ ಬಸ್ಸಿನಲ್ಲಿ ಹುಲಿ ಕಾಣಲಿಲ್ಲವೆಂದು ಮಕ್ಕಳು ಮುಖ ಸಪ್ಪಗೆ ಮಾಡುತ್ತವೆ. ಆಗ ‘ಬರೀ ಜಿಂಕೆ’ ಎನ್ನುವ ದೊಡ್ಡವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಂಡು ಕಡವೆಯ ತಲೆಯ ಮೇಲೆ ತೊಗಲು ಹೊದ್ದ ಎಳೆಗೊಂಬು ಕಂಡರೆ ಬಸ್ಸು ನಿಲ್ಲಿಸಿ ತೋರಿಸಬೇಕು. ದೈತ್ಯ ಜಿಂಕೆಯ ಕೊಂಬೂ ಹೀಗೇ ಚಿಗುರುತ್ತಿತ್ತು ಎಂದು ಹೇಳಿದರೆ ಮಕ್ಕಳಿಗೆ ಎಷ್ಟು ಜಾಸ್ತಿ ತಿಳಿಯುತ್ತದೆ!

ದಯವಿಟ್ಟು ಅದೇ ಮಕ್ಕಳ ಪುಟದಲ್ಲಿ ತಿದ್ದುಪಡಿ ಹಾಕಿ. ಜೊತೆಗೆ ಎಳೆಗೊಂಬಿನ ಕಡವೆಯ ಒಂದು ಫೋಟೋ ಕೂಡ ಇರಲಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಹನುಮಂತನಗರ, ಬೆಂಗಳೂರು